ಬಿಗ್ ಬರ್ತಾ ರಾಕೆಟ್ಟನ್ನು ಎರಡೂವರೆ ಪಟ್ಟು ದೊಡ್ಡದಾಗಿ ಕಟ್ಟಬೇಕು: 110 ಮಿ.ಮೀ. ಪಿವಿಸಿ ಪೈಪ್ ಆದೀತೇ?

ವಿಜ್ಞಾನ ಟೀಚರ್, ಪೊನ್ನಂಪೇಟೆ ಕಡೆ:

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಪೊನ್ನಂಪೇಟೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಮೆರಿಕದಲ್ಲಿ ಕೆಲಸಕ್ಕಿದ್ದ ನಮ್ಮ ದೊಡ್ಡಪ್ಪ ಊರಿಗೆ ಮರಳುವಾಗ ಎಸ್ಟೆಸ್ ಕಂಪನಿಯ ಬಿಗ್ ಬರ್ತಾ ಎಂಬ ಮಾದರಿ ರಾಕೆಟ್ ತಂದಿದ್ದರು. ಎಂಜಿನ್, ಅಂದರೆ ರಾಕೆಟ್ಟನ್ನು ಮೇಲೆತ್ತುವ ಮದ್ದು ತುಂಬಿದ ಪುಟ್ಟ ಕೊಳವೆ, ಇಲ್ಲ, ವಿಮಾನದಲ್ಲಿ ಅದನ್ನು ತರಲು ಬಿಡುವುದಿಲ್ಲವಂತೆ. ಬರೀ ಮೈ ಮಾತ್ರ. ಕಪ್ಪು ಬಣ್ಣ, ಮೊಂಡು ಮೂತಿ, ದುಂಡನೆಯ ಅಂಚಿನ ನಾಲ್ಕು ಅಗಲ ರೆಕ್ಕೆಗಳು. ಉದ್ದ 61 ಸೆಂ.ಮೀ., ರಟ್ಟಿನ ಕೊಳವೆಯ ಹೊರವ್ಯಾಸ 41.6 ಮಿ.ಮೀ., ಶಾಲೆಯ ತಕ್ಕಡಿಯಲ್ಲಿ ತೂಗಿದರೆ 60 ಗ್ರಾಂ ಆಸುಪಾಸು.

ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ತೋರಿಸಿದ ದಿನದಿಂದ ಅವರಿಗೆ ಬೇರೆ ಧ್ಯಾನವಿಲ್ಲ. ಇದೇ ರಾಕೆಟ್ಟನ್ನು ತಮ್ಮಷ್ಟೇ ಎತ್ತರಕ್ಕೆ ಕಟ್ಟಿ ಹಾರಿಸಬೇಕು ಎನ್ನುತ್ತಿದ್ದಾರೆ. ಎರಡೂವರೆ ಪಟ್ಟು ಮಾಡಿದರೆ ಒಂದೂವರೆ ಮೀಟರ್ ಆಗುತ್ತದೆ, ಕೊಳವೆ 104 ಮಿ.ಮೀ. ನಮ್ಮ ತೋಟದ ನೀರಾವರಿ ಕೆಲಸದಲ್ಲಿ ಉಳಿದ 110 ಮಿ.ಮೀ. ಪಿವಿಸಿ ಪೈಪಿನ ತುಂಡುಗಳು ಶೆಡ್ಡಿನಲ್ಲಿ ಬಿದ್ದಿವೆ. ಅದನ್ನೇ ಮೈಯಾಗಿ ಬಳಸಬಹುದೇ? ಎಲ್ಲ ಭಾಗಗಳನ್ನೂ ಒಂದೇ ಅಳತೆಯಲ್ಲಿ ಹಿಗ್ಗಿಸಿದರೆ ಮೂಲದಂತೆಯೇ ನೇರವಾಗಿ ಹಾರುತ್ತದೆಯೇ?

ಮುಖ್ಯ ತೊಡಕು ಎಂಜಿನ್ನಿನದು. ಇಲ್ಲಿ ಎಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಕೋವಿ ಇರುವ ಹುಡುಗನೊಬ್ಬ ‘ಮದ್ದು ತುಂಬಿಸಿದರೆ ಆಯಿತಲ್ಲ ಟೀಚರ್’ ಎಂದ. ಅದಕ್ಕೆ ನಾನು ಒಪ್ಪಿಲ್ಲ. ಆದರೆ ಒಪ್ಪದಿರುವುದಕ್ಕೆ ಅವನಿಗೆ ಸರಿಯಾದ ಕಾರಣ ಹೇಳಬೇಕು, ಸುಮ್ಮನೆ ಗದರಿಸಿ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಹಾರಿಸಬೇಕೆಂಬುದು ಮಕ್ಕಳ ಆಸೆ. ತಿಳಿದವರು ದಾರಿ ತೋರಿಸಬೇಕು.

ಕಾಫಿ ಕಣ, ಸುಂಟಿಕೊಪ್ಪ:

ಟೀಚರ್, ಪಿವಿಸಿ ಗಟ್ಟಿ ಇರುತ್ತದೆ, ಬಿದ್ದರೂ ಬೇಗ ಹಾಳಾಗುವುದಿಲ್ಲ. ಬಾಟಲಿಗೆ ಸ್ವಲ್ಪ ನೀರು ಹಾಕಿ, ಗಾಳಿ ಒತ್ತಿ ತುಂಬಿ ಹಾರಿಸುವ ನೀರಿನ ರಾಕೆಟ್ ಮಾಡಿ, ಮದ್ದಿನ ಸಹವಾಸವೇ ಬೇಡ. ನಮ್ಮ ತೋಟದಲ್ಲಿ ಟಯರಿಗೆ ಗಾಳಿ ಹಾಕುವ ಕಂಪ್ರೆಸರ್ ಇದೆ, ಬೇಕಾದರೆ ಜೀಪಿನಲ್ಲಿ ತಂದು ಕೊಡುತ್ತೇನೆ. ಪೈಪಿಗೇ ಎರಡೂ ಕಡೆ ಮುಚ್ಚಳ ಹಾಕಿ ಗಾಳಿ ತುಂಬಿಸಿದರೆ ಬಾಟಲಿಯೂ ಬೇಕಾಗುವುದಿಲ್ಲ ಎನಿಸುತ್ತದೆ.

ಹಳೆಯ ಭೌತಶಾಸ್ತ್ರ, ವಿರಾಜಪೇಟೆ:

ಟೀಚರೇ, ಉಳಿದದ್ದನ್ನೆಲ್ಲ ಆಮೇಲೆ ಹೇಳುತ್ತೇನೆ. ಮೊದಲು ಆ ಪೈಪನ್ನು ಶೆಡ್ಡಿನಲ್ಲೇ ಬಿಡಿ. ಸುಂಟಿಕೊಪ್ಪದ ತಮ್ಮಾ, ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಆದರೆ ಪಿವಿಸಿ ಪೈಪಿಗೆ ಗಾಳಿಯ ಒತ್ತಡ ತುಂಬುವ ಮಾತನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ನೀರು ತುಂಬಿದ ಪೈಪ್ ಬಿರುಕು ಬಿಟ್ಟರೆ ನೀರು ಸೋರಿ ಒತ್ತಡ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ. ಅದು ಅದುಮಿಟ್ಟ ಸ್ಪ್ರಿಂಗ್. ಪೈಪ್ ಬಿರಿದ ಕ್ಷಣದಲ್ಲಿ ಪೂರ್ತಿ ಹಿಗ್ಗುತ್ತದೆ, ಪಿವಿಸಿ ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ಸಾಲದ್ದಕ್ಕೆ ತೂಕ. ತೆಳುವಾದ 110 ಮಿ.ಮೀ. ಪೈಪ್ ಕೂಡ ಮೀಟರಿಗೆ ಒಂದು ಕಿಲೋ ದಾಟುತ್ತದೆ. ಅಂಥದ್ದು ಮೂವತ್ತು ಮೀಟರ್ ಮೇಲಿನಿಂದ ಮಕ್ಕಳಿರುವ ಕಡೆಗೆ ಬೀಳುವುದನ್ನು ನಾನು ಊಹಿಸಲಾರೆ.

ಇನ್ನು ಹಿಗ್ಗಿಸುವ ವಿಚಾರ. ನಿಮ್ಮ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಿಕ್ಕಿಲ್ಲ. ಉದ್ದ ಎರಡೂವರೆ ಪಟ್ಟಾದರೆ ಮೇಲ್ಮೈ ಆರೂಕಾಲು ಪಟ್ಟಾಗುತ್ತದೆ, ಗಾತ್ರ ಹದಿನೈದೂವರೆ ಪಟ್ಟಿಗೂ ಮೇಲೆ ಹೋಗುತ್ತದೆ. ಎಲ್ಲ ದಪ್ಪಗಳನ್ನೂ ಅದೇ ಅಳತೆಯಲ್ಲಿ ಹೆಚ್ಚಿಸಿದರೆ ತೂಕವೂ ಹದಿನೈದೂವರೆ ಪಟ್ಟು, ಅಂದರೆ ನಿಮ್ಮ 60 ಗ್ರಾಮಿನ ಬರ್ತಾ ಹೆಚ್ಚುಕಡಿಮೆ ಒಂದು ಕಿಲೋ. ಮೂಲ ಬರ್ತಾ ಹಾರುವುದು ‘ಸಿ’ ವರ್ಗದ ಎಂಜಿನ್ನಿನಲ್ಲಿ. ಅದರ ಒಟ್ಟು ನೂಕು, ಅಂದರೆ ನೂಕುಬಲವನ್ನು ಅದು ಇರುವ ಸೆಕೆಂಡುಗಳಿಂದ ಗುಣಿಸಿದ್ದು, ಹೆಚ್ಚೆಂದರೆ 10 ನ್ಯೂಟನ್-ಸೆಕೆಂಡ್. ಮುಂದಿನ ಪ್ರತಿ ಅಕ್ಷರಕ್ಕೂ ಮಿತಿ ದುಪ್ಪಟ್ಟು: ‘ಡಿ’ 20, ‘ಇ’ 40, ‘ಎಫ್’ 80, ‘ಜಿ’ 160. ತೂಕ ಹದಿನಾರು ಪಟ್ಟಾದ ರಾಕೆಟ್ ಮೂಲದಂತೆ ಏರಬೇಕಾದರೆ ನೂಕೂ ಹದಿನಾರು ಪಟ್ಟು ಬೇಕು. ‘ಸಿ’ಯಿಂದ ನಾಲ್ಕು ಮೆಟ್ಟಿಲು ಹತ್ತಿ ನೇರ ‘ಜಿ’ಗೆ ಬಂದು ನಿಲ್ಲುತ್ತೇವೆ. ಅಮೆರಿಕದಲ್ಲೂ ಹವ್ಯಾಸಿಗಳ ಮಾದರಿ ರಾಕೆಟ್ ವರ್ಗ ಅಲ್ಲಿಗೆ ಮುಗಿಯುತ್ತದೆ. ಅದರಾಚೆಗೆ ಪ್ರಮಾಣಪತ್ರ ಪಡೆದವರು ಮಾತ್ರ ಹಾರಿಸಬೇಕು.

ಆದರೆ ಚರ್ಮವನ್ನು ಹಿಗ್ಗಿಸಲೇಬೇಕೆಂದು ಯಾರೂ ಹೇಳಿಲ್ಲ. ಹೊರಗಿನ ಆಕಾರವನ್ನು ಕರಾರುವಾಕ್ಕಾಗಿ ಹಿಗ್ಗಿಸಿ, ಗೋಡೆಯ ದಪ್ಪವನ್ನು ಅಗತ್ಯವಿದ್ದಷ್ಟೇ ಇಡಿ. ದೊಡ್ಡ ಪ್ರತಿ ಕಟ್ಟುವವರ ಜಾಣತನವೆಲ್ಲ ಇರುವುದು ಇಲ್ಲಿ. ಎಷ್ಟು ಪಟ್ಟು ಎಂಬುದನ್ನು ಮನಸ್ಸಿಗೆ ಬಂದಂತೆ ನಿಶ್ಚಯಿಸಬಾರದು. ಕೈಗೆ ಸಿಗುವ ಕೊಳವೆ ಯಾವುದೋ ಅದೇ ನಿಶ್ಚಯಿಸಲಿ. ನಿಮಗೆ ಸಿಗುವ ಕೊಳವೆ ಎರಡು ಲೀಟರಿನ ತಂಪುಪಾನೀಯದ ಬಾಟಲಿ. ಅದರ ವ್ಯಾಸ ಸುಮಾರು 110 ಮಿ.ಮೀ. ಅದನ್ನು 41.6ರಿಂದ ಭಾಗಿಸಿ: 2.64. ನಿಮ್ಮ ರಾಕೆಟ್ 2.64 ಪಟ್ಟಿನದು, ಉದ್ದ 161 ಸೆಂ.ಮೀ. ಒಂಬತ್ತನೇ ತರಗತಿಯ ಮಕ್ಕಳ ಎತ್ತರಕ್ಕೆ ಸರಿಹೋಯಿತಲ್ಲ! ಒತ್ತಡ ಹೊರುವ ಬಾಟಲಿ ಹಿಂಭಾಗದಲ್ಲಿ ಕೂರುತ್ತದೆ, ಅದರ ಮುಂದಕ್ಕೆ ಅದೇ ವ್ಯಾಸದಲ್ಲಿ ದಪ್ಪ ಡ್ರಾಯಿಂಗ್ ಕಾಗದದ ಕೊಳವೆ, ತುದಿಗೆ ಮೂತಿ. ಹೊರಗಿನಿಂದ ಕಪ್ಪು ಬಣ್ಣ ಹೊಡೆದರೆ ಅಪ್ಪಟ ಬರ್ತಾ.

ನೀರಿನ ರಾಕೆಟ್ ಎಂದರೆ ಆಟಿಕೆ ಎಂಬ ಉದಾಸೀನ ಬೇಡ. ಬಾಟಲಿಯಲ್ಲಿ 5 ಬಾರ್ ಒತ್ತಡವಿದ್ದರೆ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು) ನೀರು ಮೊದಲಿಗೆ ಸೆಕೆಂಡಿಗೆ 30 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಬರುತ್ತದೆ. ಅರ್ಧ ಲೀಟರ್ ನೀರು, ಅದರ ಹಿಂದೆಯೇ ಹೊರನುಗ್ಗುವ ಗಾಳಿ ಎರಡೂ ಸೇರಿ ‘ಡಿ’ ವರ್ಗದ ಎಂಜಿನ್ನಿನಷ್ಟು ನೂಕು ಕೊಡುತ್ತವೆ. ಖಾಲಿ ತೂಕ ಅರ್ಧ ಕಿಲೋ ದಾಟದಂತೆ ಕಟ್ಟಿದರೆ ಇಪ್ಪತ್ತೈದು ಮೂವತ್ತು ಮೀಟರ್ ಏರುತ್ತದೆ. ಸಿಲ್ವರ್ ಓಕ್ ಮರದ ತಲೆ ಮುಟ್ಟಿದಂತೆ. ಒಂದು ಶಾಲೆಯ ಮೈದಾನಕ್ಕೆ ಇದಕ್ಕಿಂತ ಹೆಚ್ಚು ಬೇಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ವರ್ನನ್ ಎಸ್ಟೆಸ್ 1958ರಲ್ಲಿ ಕೊಲರಾಡೊದಲ್ಲಿ ಕಂಪನಿ ಆರಂಭಿಸಿ, ಎಂಜಿನ್ ತಯಾರಿಸಲೆಂದೇ ತಾನೇ ಒಂದು ಯಂತ್ರ ಕಟ್ಟಿ ಅದಕ್ಕೆ ಮೇಬಲ್ ಎಂದು ಹೆಸರಿಟ್ಟ. ಆಮೇಲೆ ಆ ಕಂಪನಿಯಿಂದ ಎಷ್ಟೋ ಮಾದರಿಗಳು ಬಂದವು. ಅವುಗಳಲ್ಲಿ ಬಿಗ್ ಬರ್ತಾವನ್ನು 1960ರ ದಶಕದಿಂದ ಇಂದಿನವರೆಗೆ ಜನ ಪ್ರೀತಿಸುವುದು ಅದು ಎತ್ತರಕ್ಕೆ ಹಾರುತ್ತದೆಂದಲ್ಲ. ದೊಡ್ಡ ಮೈ, ಚಿಕ್ಕ ಎಂಜಿನ್. ಆದ್ದರಿಂದ ಅದು ಸಾವಧಾನವಾಗಿ, ಗಾಂಭೀರ್ಯದಿಂದ ಏಳುತ್ತದೆ. ನೋಡುವವರ ಕಣ್ಣಿಗೆ ಏಳುವುದು ಕಾಣಿಸುತ್ತದೆ. ನೀವು ದೊಡ್ಡದು ಮಾಡುವಾಗ ಈ ನಡಿಗೆಯನ್ನು ಉಳಿಸಿಕೊಳ್ಳದಿದ್ದರೆ ಅದು ಬರ್ತಾದ ವೇಷ ತೊಟ್ಟ ಬೇರೆ ರಾಕೆಟ್.

ಬಾಟಲಿಯ ಬಾಯಿಯನ್ನು ಹಾಗೆಯೇ ತೆರೆದಿಟ್ಟರೆ ಅದರ ಒಳವ್ಯಾಸ ಸುಮಾರು 22 ಮಿ.ಮೀ. ಆಗ ನೂಕುಬಲ 350 ನ್ಯೂಟನ್ನಿಗೂ ಹೆಚ್ಚು. ರಾಕೆಟ್ ಕಣ್ಣೆವೆ ಇಕ್ಕುವುದರೊಳಗೆ ಮಾಯ, ರಟ್ಟಿನ ರೆಕ್ಕೆಗಳು ಉಳಿಯುವುದೂ ಅನುಮಾನ. ಅದರ ಬದಲು ತೋಟದ ಹೋಸ್ ಪೈಪಿಗೆ ಹಾಕುವ, ಕ್ಲಿಕ್ ಎಂದು ಕೂರುವ ಪ್ಲಾಸ್ಟಿಕ್ ಕನೆಕ್ಟರ್ ತನ್ನಿ. ಪೈಪ್ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಒಳರಂಧ್ರ ಸುಮಾರು 9 ಮಿ.ಮೀ. ಅದನ್ನು ಮುಚ್ಚಳಕ್ಕೆ ರಬ್ಬರ್ ವಾಷರ್ ಸಮೇತ ಬಿಗಿದರೆ ನೀರು ಚಿಮ್ಮುವ ಕಿರುಬಾಯಿಗೂ ಆಯಿತು, ಬಿಡುಗಡೆ ಕೊಂಡಿಗೂ ಆಯಿತು. ನೂಕುಬಲ 60 ನ್ಯೂಟನ್ ಆಸುಪಾಸಿಗೆ ಇಳಿಯುತ್ತದೆ. ನೀರು ತುಂಬಿದ ರಾಕೆಟ್ಟಿನ ತೂಕಕ್ಕೆ ಇದು ಆರು ಪಟ್ಟು. ಐದು ಪಟ್ಟಿದ್ದರೆ ಸಾಕು ಎಂಬುದು ಹವ್ಯಾಸಿಗಳ ವಾಡಿಕೆ. ಲೆಕ್ಕ ಹಾಕಿ ನೋಡಿ, ಮಕ್ಕಳಿಂದಲೇ ಹಾಕಿಸಿ: ಮೂಲ ಬರ್ತಾ ‘ಸಿ’ ಎಂಜಿನ್ನಿನಲ್ಲಿ ಏರುವ ಸರಾಸರಿ ವೇಗೋತ್ಕರ್ಷಕ್ಕೆ ಇದು ಬಹಳ ಹತ್ತಿರ ಬರುತ್ತದೆ. ಮೈ ಉದ್ದವಾಗಿರುವುದರಿಂದ ತನ್ನುದ್ದ ಏರಲು ಮೂಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಬರ್ತಾಕ್ಕಿಂತಲೂ ಬರ್ತಾದಂತೆ ಏಳುತ್ತದೆ.

ನೇರ ಹಾರುತ್ತದೆಯೇ ಎಂದು ಕೇಳಿದಿರಿ. ರಾಕೆಟ್ಟಿನ ಮೇಲೆ ಗಾಳಿಯ ಬಲವೆಲ್ಲ ಒಂದು ಬಿಂದುವಿನಲ್ಲಿ ಕೂಡುತ್ತದೆ, ಅದು ಒತ್ತಡ ಕೇಂದ್ರ. ತೂಕವೆಲ್ಲ ಕೂಡುವ ಬಿಂದು ಗುರುತ್ವ ಕೇಂದ್ರ. ಗುರುತ್ವ ಕೇಂದ್ರ ಮೂತಿಯ ಕಡೆಗೆ, ಒತ್ತಡ ಕೇಂದ್ರ ಬಾಲದ ಕಡೆಗೆ ಇರಬೇಕು. ನಡುವೆ ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟು ಅಂತರ ಬೇಕು. ನಿಮ್ಮದಕ್ಕೆ 11 ಸೆಂ.ಮೀ. ಒತ್ತಡ ಕೇಂದ್ರವನ್ನು ಬರೀ ಆಕಾರದಿಂದಲೇ ಲೆಕ್ಕ ಹಾಕುವ ವಿಧಾನವನ್ನು ಅಮೆರಿಕದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟರು. ಆಕಾರ ಹಿಗ್ಗಿದರೆ ಆ ಬಿಂದುವೂ ಅದೇ ಪ್ರಮಾಣದಲ್ಲಿ ಹಿಂದೆ ಸರಿಯುತ್ತದೆ, ಅದರ ಚಿಂತೆಯಿಲ್ಲ. ಗುರುತ್ವ ಕೇಂದ್ರ ಮಾತ್ರ ನಿಮ್ಮ ಮಾತು ಕೇಳುವುದಿಲ್ಲ. ಅದು ನೀವು ಎಲ್ಲೆಲ್ಲಿ ಎಷ್ಟೆಷ್ಟು ತೂಕ ಇಟ್ಟಿದ್ದೀರಿ ಎಂಬುದನ್ನು ನೋಡುತ್ತದೆ. ಎಲ್ಲ ಭಾಗಗಳನ್ನೂ ಒಂದೇ ಸಮ ಹಿಗ್ಗಿಸಿದರೂ ನೇರ ಹಾರುತ್ತದೆಂಬ ಖಾತರಿ ಇಲ್ಲದಿರುವುದು ಇದಕ್ಕೇ.

ನೀರಿನ ರಾಕೆಟ್ಟಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ನೀರೆಲ್ಲ ಬಾಲದಲ್ಲಿರುತ್ತದೆ. ಖಾಲಿ ರಾಕೆಟ್ಟನ್ನು ಬೆರಳ ಮೇಲೆ ತೂಗಿ ‘ಅಂತರ ಬೇಕಾದಷ್ಟಿದೆ’ ಎಂದು ಸಮಾಧಾನ ಪಟ್ಟುಕೊಂಡರೆ ಸಾಲದು. ಅರ್ಧ ಲೀಟರ್ ನೀರು ಸೇರಿದ ಕೂಡಲೇ ಗುರುತ್ವ ಕೇಂದ್ರ ಮೂವತ್ತು ಸೆಂಟಿಮೀಟರಿಗೂ ಹೆಚ್ಚು ಹಿಂದಕ್ಕೆ ಜಾರಬಹುದು. ನೀರು ತುಂಬಿ, ಬಾಯಿ ಮುಚ್ಚಿ, ರಾಕೆಟ್ಟನ್ನು ಆದಷ್ಟು ನಿಂತ ಭಂಗಿಗೆ ಹತ್ತಿರವಾಗಿ ಓರೆ ಹಿಡಿದು ಅಳೆಯಿರಿ. ಮಲಗಿಸಿದರೆ ನೀರು ಬಾಟಲಿಯುದ್ದಕ್ಕೂ ಹರಡಿ ಸುಳ್ಳು ಉತ್ತರ ಕೊಡುತ್ತದೆ. ಅಂತರ ಸಾಲದಿದ್ದರೆ ನೀರು ಸ್ವಲ್ಪ ಕಡಿಮೆ ಮಾಡಿ, ಮೂತಿಯೊಳಗೆ ಎಪ್ಪತ್ತು ಎಂಬತ್ತು ಗ್ರಾಂ ಜೇಡಿಮಣ್ಣು ಮೆತ್ತಿ. ಒತ್ತಡ ಕೇಂದ್ರಕ್ಕೆ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶವಿದೆ, ಶಾಲೆಯ ಕಂಪ್ಯೂಟರಿನಲ್ಲೇ ಓಡುತ್ತದೆ. ಕಂಪ್ಯೂಟರ್ ಬೇಡವೆಂದರೆ ರಾಕೆಟ್ಟಿನ ಪಕ್ಕದ ನೆರಳಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಸ್ಕೇಲಿನ ಅಂಚಿನ ಮೇಲೆ ತೂಗಿಸಿ. ಈ ಹಳೆಯ ವಿಧಾನ ಒತ್ತಡ ಕೇಂದ್ರವನ್ನು ನಿಜಕ್ಕಿಂತ ಮುಂದೆ ತೋರಿಸುತ್ತದೆ, ಆದ್ದರಿಂದ ಅದಕ್ಕೆ ಹೊಂದಿದ ರಾಕೆಟ್ ಸುರಕ್ಷಿತ ಕಡೆಯಲ್ಲೇ ಇರುತ್ತದೆ.

ಬಾಟಲಿಯ ಬಗ್ಗೆ ಕೆಲವು ಮಾತು, ಇವನ್ನು ಸಡಿಲಿಸಬೇಡಿ. ಸೋಡಾ ತುಂಬಿ ಬಂದ ಬಾಟಲಿಯೇ ಆಗಬೇಕು, ಕುಡಿಯುವ ನೀರಿನ ತೆಳು ಬಾಟಲಿ ಆಗದು. ಗೀರು ಬಿದ್ದದ್ದು, ಬಿಸಿಲಿಗೆ ಬಿದ್ದದ್ದು ಬೇಡ. ಬಣ್ಣ ಹಿಡಿಯಲೆಂದು ಮರಳುಕಾಗದದಿಂದ ಉಜ್ಜಬೇಡಿ. ಬಿಸಿ ಅಂಟು ಬಾಟಲಿಗೆ ತಾಗಲೇಬಾರದು, ಅದು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ರೆಕ್ಕೆಗಳನ್ನು ರಟ್ಟಿನ ತೋಳಿಗೆ ಅಂಟಿಸಿ, ಆ ತೋಳನ್ನು ಬಾಟಲಿಗೆ ತೊಡಿಸಿ. ಹಾರಿಸುವ ಮೊದಲು ಬಾಟಲಿಯ ಕಂಠದವರೆಗೂ ನೀರು ತುಂಬಿ, ಗೋಡೆಯ ಮರೆಯಲ್ಲಿ ನಿಂತು 7 ಬಾರ್‌ವರೆಗೆ ಒತ್ತಡ ಕೊಟ್ಟು ಪರೀಕ್ಷಿಸಿ. ಪೂರ್ತಿ ನೀರಿದ್ದರೆ ಒಡೆದರೂ ಸಿಡಿಯುವ ಶಕ್ತಿ ಅಲ್ಪ. ಹಾರಾಟದಲ್ಲಿ 5 ಬಾರ್ ದಾಟಬಾರದು. ಕಂಪ್ರೆಸರ್ ಬೇಡ, ಮುಳ್ಳು ಎಲ್ಲಿಗೆ ಹೋಯಿತೆಂದು ನೋಡುವಷ್ಟರಲ್ಲಿ ಮಿತಿ ದಾಟಿರುತ್ತದೆ. ಮಾಪಕವಿರುವ ಸೈಕಲ್ ಪಂಪ್ ಸಾಕು, 5 ಬಾರ್‌ಗಿಂತ ತುಸು ಕಡಿಮೆಯಾದ 70 ಪಿಎಸ್‌ಐಗೆ ನಿಲ್ಲಿಸಿ. ಪಂಪಿನ ಕೊಳವೆ, ಬಿಡುಗಡೆಯ ಹಗ್ಗ ಎರಡೂ ಹತ್ತು ಮೀಟರ್ ಉದ್ದವಿರಲಿ. ಒತ್ತಡ ತುಂಬಿದ ಮೇಲೆ ಯಾರೂ, ನೀವು ಕೂಡ, ಹತ್ತಿರ ಹೋಗಬಾರದು.

ಇನ್ನು ಆ ಹುಡುಗನಿಗೆ ಹೇಳಬೇಕಾದ ಕಾರಣ. ಕೋವಿಯ ನಳಿಗೆ ಉಕ್ಕಿನದು, ಸ್ವಲ್ಪವೇ ಮದ್ದು ಒಮ್ಮೆಗೇ ಉರಿದು ಮುಗಿಯಲೆಂದೇ ಅದನ್ನು ಮಾಡಿರುತ್ತಾರೆ. ರಾಕೆಟ್ ಎಂಜಿನ್ನಿನಲ್ಲಿ ಮದ್ದು ಮೇಲ್ಮೈಯಿಂದ ಪದರ ಪದರವಾಗಿ, ಗೊತ್ತಾದ ವೇಗದಲ್ಲಿ ಉರಿಯಬೇಕು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಉರಿಯುವ ಮೇಲ್ಮೈ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಏರಿದ ಒತ್ತಡಕ್ಕೆ ಉರಿ ಇನ್ನೂ ಬಿರುಸಾಗುತ್ತದೆ. ಮುಂದಿನದು ಬಾಂಬು. ಎಸ್ಟೆಸ್ ಕಟ್ಟಿದಂಥ ಯಂತ್ರದಿಂದ ಪ್ರತಿ ಎಂಜಿನ್ ಒಂದೇ ಹದದಲ್ಲಿ ಅದುಮಿ ಬರುತ್ತದೆ, ಮಕ್ಕಳ ಕೈ ಮದ್ದಿಗೆ ತಾಗುವುದೇ ಇಲ್ಲ. ಕಾನೂನೂ ಸ್ಪಷ್ಟ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೋವಿ ಇಟ್ಟುಕೊಳ್ಳುವುದಕ್ಕೆ. ಅದು ರಾಕೆಟ್ ಎಂಜಿನ್ ತಯಾರಿಸಲು ಪರವಾನಗಿಯಲ್ಲ. ಸ್ಫೋಟಕ ತಯಾರಿಕೆಗೆ 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳು ಇವೆ. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯ ಹುಡುಗನಿಗೆ ಆಯುಧದ ಮರ್ಯಾದೆ ಏನೆಂದು ಗೊತ್ತಿರುತ್ತದೆ, ಈ ಮಾತನ್ನು ಅವನು ಬೇಗ ಅರ್ಥ ಮಾಡಿಕೊಳ್ಳುತ್ತಾನೆ. ಮುಂದೆ ಕಾಲೇಜಿಗೆ ಹೋದಾಗ ಕೇಂದ್ರ ಸರ್ಕಾರದ ಬಾಹ್ಯಾಕಾಶ ಇಲಾಖೆಯ ಇನ್‌ಸ್ಪೇಸ್ ಸಂಸ್ಥೆ ವಿದ್ಯಾರ್ಥಿಗಳಿಗಾಗಿ ನಡೆಸುವ ಮಾದರಿ ರಾಕೆಟ್ ಸ್ಪರ್ಧೆಗೆ ತಂಡ ಕಟ್ಟಲಿ. ನಿಜವಾದ ಎಂಜಿನ್ ಹಾರಿಸುವ ಸರಿಯಾದ ದಾರಿ ಅದು.

ಆಗಸ್ಟ್ 23 ಬೇಡ. ಪೊನ್ನಂಪೇಟೆಯಲ್ಲಿ ಆಗಸ್ಟ್ ಎಂದರೆ ಏನೆಂದು ನಿಮಗೆ ನಾನು ಹೇಳಬೇಕೇ? ಕಾಗದದ ಕೊಳವೆ ಒಂದು ರಾತ್ರಿಯಲ್ಲಿ ಹಪ್ಪಳದಂತೆ ಮೆತ್ತಗಾಗುತ್ತದೆ. ಆ ದಿನ ತರಗತಿಯಲ್ಲಿ ಲೆಕ್ಕ, ನಕ್ಷೆ ಎಲ್ಲ ಮುಗಿಸಿ. ಹಾರಿಸುವುದನ್ನು ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಇಟ್ಟುಕೊಳ್ಳಿ. ಪುತ್ತರಿ ಹಬ್ಬ ಕಳೆದು ಗದ್ದೆ ಕೊಯ್ಲಾಗಿ ಒಣಗಿರುತ್ತದೆ, ಕಾಫಿ ಗಿಡ ಹೂಬಿಡಿಸುವ ಹೂಮಳೆ ಇನ್ನೂ ಬಂದಿರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮರವಿಲ್ಲದ ಸಮತಟ್ಟು ನೆಲ ಎಂದರೆ ಗದ್ದೆ ಬಯಲೇ. ಆ ಒಣ ಕಾಲದಲ್ಲಿ ಬೆಂಕಿಯ ಎಂಜಿನ್ ಆಗಿದ್ದರೆ ಹುಲ್ಲಿಗೆ ಕಿಡಿ ತಾಗುವ ಭಯ. ನೀರಿನದಕ್ಕೆ ಅದೂ ಇಲ್ಲ.

ಬಾಚಿ ಉಳಿ, ಸೋಮವಾರಪೇಟೆ:

ನಾನು ಮರಗೆಲಸದವನು. ವಿರಾಜಪೇಟೆಯ ಸರ್ ಲೆಕ್ಕವನ್ನೆಲ್ಲ ಹೇಳಿದ್ದಾರೆ, ನಾನು ಕೈಕೆಲಸದ ಮಾತು ಹೇಳುತ್ತೇನೆ. ಮೂತಿಗೆ ಹಾಲುವಾಣದ ಮರ ನೋಡಿ ಟೀಚರ್. ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲೂ ಇರುವ ಮರ, ಕೊಂಬೆ ಸವರುವಾಗ ತೊಡೆ ಗಾತ್ರದ ತುಂಡುಗಳು ಸಿಗುತ್ತವೆ. ಬಹಳ ಹಗುರ, ಲೇತ್‌ನಲ್ಲಿ ಬೆಣ್ಣೆಯ ಹಾಗೆ ಬರುತ್ತದೆ. ಹಸಿಯಾಗಿ ಕಡೆಯಬೇಡಿ, ಸೀಳುತ್ತದೆ. ತೊಗಟೆ ತೆಗೆದು, ಎರಡು ತುದಿಗೂ ಮೇಣ ಸವರಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ನಿಧಾನ ಒಣಗಿಸಿ. 20 ಸೆಂ.ಮೀ. ಉದ್ದದ ಮೂತಿ ಘನವಾಗಿದ್ದರೆ ಮುನ್ನೂರು ಗ್ರಾಂ ಬರಬಹುದು. ಒಳಗೆ ತೋಡಿ ಗೋಡೆ ಆರು ಮಿ.ಮೀ. ಉಳಿಸಿದರೆ ನೂರರೊಳಗೆ ಇಳಿಯುತ್ತದೆ. ಸರ್ ಹೇಳಿದ ಜೇಡಿಮಣ್ಣಿನ ತೂಕ ಆಗ ಬೇಕಾಗಲಾರದು.

ರೆಕ್ಕೆಗೆ ಬಾಲ್ಸಾ ಹುಡುಕಿಕೊಂಡು ಅಲೆಯಬೇಡಿ. ಸ್ಟೇಷನರಿ ಅಂಗಡಿಯ 5 ಮಿ.ಮೀ. ಫೋಮ್ ಬೋರ್ಡಿಗೆ ಎರಡೂ ಕಡೆ ಕಂದು ಕಾಗದವನ್ನು ತೆಳುವಾದ ಅಂಟಿನಲ್ಲಿ ಅಂಟಿಸಿ, ಮೇಲೆ ಹಲಗೆಯಿಟ್ಟು ತೂಕ ಹೇರಿ ಒಣಗಿಸಿ. ಒಂದೇ ಕಡೆ ಅಂಟಿಸಿದರೆ ಬಾಗುತ್ತದೆ. ಬಾಗಿದ ರೆಕ್ಕೆ ರಾಕೆಟ್ಟನ್ನು ತಿರುಗಿಸುತ್ತದೆ.

ಉಡಾಯಿಸುವಾಗ ಹಿಡಿದು ನಿಲ್ಲಿಸಲು ಸಲಾಕೆಗಿಂತ ಬಿದಿರಿನ ಗೋಪುರ ಒಳ್ಳೆಯದು. ನಾಲ್ಕು ರೆಕ್ಕೆಗಳ ನಡುವಿನ ನಾಲ್ಕು ಸಂದಿಗೆ ನಾಲ್ಕು ನೇರ ಗಳ, ಎರಡೂವರೆ ಮೂರು ಮೀಟರ್ ಉದ್ದ. ಒಳಮುಖದ ಗೆಣ್ಣುಗಳನ್ನು ಬಾಚಿಯಿಂದ ಸವರಿ, ನುಣುಪು ಮಾಡಿ, ಮೇಣ ಉಜ್ಜಿ. ರಾಕೆಟ್ಟಿಗೂ ಗಳಕ್ಕೂ ನಡುವೆ ಎರಡು ಮೂರು ಮಿ.ಮೀ. ಸಡಿಲವಿರಲಿ. ಗಳಗಳನ್ನು ಹೊರಗಿನಿಂದ ಚೌಕಟ್ಟು ಹಾಕಿ ಬಿಗಿಯಬೇಕು, ಒಳಗೆ ಅಡ್ಡಪಟ್ಟಿ ಬಂದರೆ ರೆಕ್ಕೆಗೆ ತಾಗುತ್ತದೆ.

ಹಳೆಯ ಭೌತಶಾಸ್ತ್ರ, ವಿರಾಜಪೇಟೆ:

ಗೋಪುರದ ಸಲಹೆ ಬಹಳ ಚೆನ್ನಾಗಿದೆ, ನನ್ನ ಮನಸ್ಸಿನಲ್ಲಿದ್ದ ಸಲಾಕೆಯ ಯೋಚನೆಗಿಂತ ಉತ್ತಮ. ಮೂರು ಮೀಟರ್ ಮಾಡಿಸಿ ಟೀಚರೇ. ಏರಿಕೆಯ ಮೊದಲ ಕ್ಷಣಗಳಲ್ಲಿ ನೀರು ಬಾಲದಲ್ಲಿ ಭಾರವಾಗಿರುತ್ತದೆ, ವೇಗ ಬಾರದೆ ರೆಕ್ಕೆಗಳೂ ಕೆಲಸ ಮಾಡುವುದಿಲ್ಲ. ಆ ಹೊತ್ತಿಗೆ ದಾರಿ ತಪ್ಪದಂತೆ ಹಿಡಿಯುವುದು ಗೋಪುರ ಮಾತ್ರ.

ಹಾಲುವಾಣದ ಮೂತಿಗೆ ಮಾತ್ರ ನನ್ನ ಒಪ್ಪಿಗೆ ಅರ್ಧ. ಮನೆಯ ಜಗುಲಿಯಲ್ಲಿ ನಿಲ್ಲಿಸುವ ಪ್ರತಿಗೆ ಅದರಷ್ಟು ಚಂದ ಬೇರೆಯಿಲ್ಲ. ಹಾರಿಸುವ ಪ್ರತಿಗೆ ಥರ್ಮೋಕೋಲ್ ಕೆತ್ತಿ, ಮೇಲೆ ಕಾಗದ ಮೆತ್ತಿದ ಮೂತಿಯೇ ಇರಲಿ, ಜೇಡಿಮಣ್ಣು ಅದರ ಬುಡದಲ್ಲಿ ಇರಲಿ. ಪ್ಯಾರಾಶೂಟ್ ಬಿಚ್ಚದೇ ಹೋದರೆ ಮೊದಲು ನೆಲಕ್ಕೆ, ಅಥವಾ ಯಾರದಾದರೂ ತಲೆಗೆ ತಾಗುವುದು ಮೂತಿ. ಅದು ತಾನು ನಜ್ಜುಗುಜ್ಜಾಗಬೇಕು.

ಬಾಚಿ ಉಳಿ, ಸೋಮವಾರಪೇಟೆ:

ಸರಿ ಸರ್, ಮಕ್ಕಳ ವಿಷಯದಲ್ಲಿ ನಿಮ್ಮ ಮಾತೇ ಸರಿ. ಟೀಚರ್, ಜಗುಲಿಗೆ ಇಡುವ ಪ್ರತಿಯ ಮೂತಿಯನ್ನು ನಾನೇ ಕಡೆದು ಕೊಡುತ್ತೇನೆ, ದೊಡ್ಡಪ್ಪನವರ ರಾಕೆಟ್ಟಿನ ಮೂತಿಯ ಅಳತೆಯನ್ನು ಪ್ರತಿ ಅರ್ಧ ಸೆಂಟಿಮೀಟರಿಗೆ ಒಂದರಂತೆ ಬರೆದು ಹಾಕಿ.

ವಿಜ್ಞಾನ ಟೀಚರ್, ಪೊನ್ನಂಪೇಟೆ ಕಡೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಸರ್, ನಿಮ್ಮ ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿದೆ. ಮದ್ದಿನ ಮಾತಾಡಿದ ಹುಡುಗನೇ 41.6ರಿಂದ ಭಾಗಿಸುವ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದ. ಕಂದು ಕಾಗದ, ಫೋಮ್ ಬೋರ್ಡು ತರುವವರ ಪಟ್ಟಿಯೂ ಆಯಿತು. ಮೂತಿಯ ಅಳತೆಯನ್ನು ಈ ವಾರವೇ ಹಾಕುತ್ತೇನೆ.

ಎರಡು ಸಂಶಯ ಉಳಿದಿವೆ. ಮೂಲದಲ್ಲಿ ಎಂಜಿನ್ನಿನ ಕೊನೆಯ ಸಣ್ಣ ಸಿಡಿತವೇ ಮೂತಿಯನ್ನು ನೂಕಿ ಪ್ಯಾರಾಶೂಟ್ ಬಿಚ್ಚುತ್ತದೆ ಎಂದು ಓದಿದ್ದೇನೆ. ನೀರಿನ ರಾಕೆಟ್ಟಿನಲ್ಲಿ ಆ ಕೆಲಸ ಯಾರು ಮಾಡುತ್ತಾರೆ? ಪ್ಯಾರಾಶೂಟಿಗೆ ಹಳೆಯ ಕೊಡೆಯ ಬಟ್ಟೆ ಆಗುತ್ತದೆಯೇ? ಮಳೆಗಾಲ ಮುಗಿದರೆ ಮಕ್ಕಳ ಮನೆಗಳಲ್ಲಿ ಕಡ್ಡಿ ಮುರಿದ ಕೊಡೆಗಳಿಗೆ ಬರವಿರುವುದಿಲ್ಲ.

ಹಳೆಯ ಭೌತಶಾಸ್ತ್ರ, ವಿರಾಜಪೇಟೆ:

ಕೊಡೆಯ ಬಟ್ಟೆ ಆಗುತ್ತದೆ. ಎಂಟು ತ್ರಿಕೋನಗಳನ್ನು ಹೊಲಿದು ಗುಮ್ಮಟ ಮಾಡಿಯೇ ಕೊಟ್ಟಿದ್ದಾರೆ, ಇನ್ನೇನು ಬೇಕು. ಅಳತೆಗೆ ಲೆಕ್ಕ ಹೀಗಿದೆ: ಅರ್ಧ ಕಿಲೋ ತೂಕ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿಯಬೇಕಾದರೆ ಸುಮಾರು 77 ಸೆಂ.ಮೀ. ವ್ಯಾಸ ಬೇಕು. ಇದರಲ್ಲಿ ನಮ್ಮೂರಿನ ಎತ್ತರವನ್ನೂ ಸೇರಿಸಿದ್ದೇನೆ. ಮಡಿಕೇರಿಯ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇ 10ರಷ್ಟು ತೆಳು, ನಿಮ್ಮ ಕಡೆ ಅದಕ್ಕಿಂತ ತುಸು ಕಡಿಮೆ; ಹೊರದೇಶದ ಕೋಷ್ಟಕಗಳಲ್ಲಿ ಇದನ್ನು ಹಿಡಿದಿರುವುದಿಲ್ಲ. ದೊಡ್ಡ ಕೊಡೆಯ ಬಟ್ಟೆಯ ಅಂಚನ್ನು ಸುತ್ತಲೂ ಕತ್ತರಿಸಿ 80ಕ್ಕೆ ತನ್ನಿ, ಕತ್ತರಿಸಿದ ಅಂಚನ್ನು ಮಡಚಿ ಹೊಲಿಯಿರಿ. ಎಂಟು ಹೊಲಿಗೆಗಳ ತುದಿಯಲ್ಲಿ ಎಂಟು ದಾರ, ಒಂದೊಂದೂ ವ್ಯಾಸದಷ್ಟು ಉದ್ದ. ನೆತ್ತಿಯಲ್ಲಿ ಕೊಡೆಯ ತುದಿ ಹಾಯುವ ತೂತು ಇದೆಯಲ್ಲ, ಅದನ್ನು ಮುಚ್ಚಬೇಡಿ. ಅಲ್ಲಿಂದ ಸ್ವಲ್ಪ ಗಾಳಿ ಹೊರಹೋದರೆ ಪ್ಯಾರಾಶೂಟ್ ತೂಗಾಡುವುದಿಲ್ಲ.

ಮೂವತ್ತು ಮೀಟರಿನಿಂದ ಇಳಿಯಲು ಆರು ಸೆಕೆಂಡು. ಸೆಕೆಂಡಿಗೆ 4 ಮೀಟರ್ ಗಾಳಿಯಿದ್ದರೂ 25 ಮೀಟರಿನಷ್ಟೇ ತೇಲುತ್ತದೆ. ನೂರು ಮೀಟರ್ ಉದ್ದಗಲದ ಗದ್ದೆ ಬಯಲು ಧಾರಾಳ ಸಾಕು. ಬಯಲಿನ ನಡುವಿಗಿಂತ ಗಾಳಿ ಬರುವ ಕಡೆಗೆ ಗೋಪುರ ನಿಲ್ಲಿಸಿ, ಇಲ್ಲದಿದ್ದರೆ ಪ್ಯಾರಾಶೂಟ್ ತೋಟದೊಳಗೆ ನುಗ್ಗಿ ಸಿಲ್ವರ್ ಓಕ್ ತುದಿಗೆ ಸಿಕ್ಕಿಕೊಳ್ಳುತ್ತದೆ, ಮಕ್ಕಳು ಹತ್ತಲು ಓಡುತ್ತಾರೆ. ಹತ್ತಕೂಡದೆಂದು ಮೊದಲೇ ಹೇಳಿಡಿ. ಕಾಡಂಚಿನ ಗದ್ದೆಯಾಗಿದ್ದರೆ ಬೆಳಗ್ಗೆ ಒಂಬತ್ತರ ಮೇಲೆ ಹೋಗಿ, ಆನೆ ಗದ್ದೆಯಿಂದ ಹಿಂತಿರುಗಿದೆಯೇ ಎಂದು ಅಲ್ಲಿನವರನ್ನು ಕೇಳಿಕೊಳ್ಳಿ.

ಬಿಚ್ಚುವ ಕೆಲಸಕ್ಕೆ ಕೀಲಿ ಕೊಡುವ ಆಟಿಕೆ. ಜಾತ್ರೆಯಲ್ಲಿ ಸಿಗುವ, ಕೀಲಿ ತಿರುಗಿಸಿದರೆ ಟಕ ಟಕ ನಡೆಯುವ ಪ್ಲಾಸ್ಟಿಕ್ ಗೊಂಬೆ ಗೊತ್ತಲ್ಲ. ಅದರ ಹೊಟ್ಟೆಯೊಳಗಿನ ಹಲ್ಲುಚಕ್ರದ ಡಬ್ಬಿ ಇಪ್ಪತ್ತು ಗ್ರಾಂ ಕೂಡ ಇರುವುದಿಲ್ಲ. ಕಾಗದದ ಕೊಳವೆಯ ಪಕ್ಕಕ್ಕೆ, ಮೂತಿಯ ಕೆಳಗೆ, ಅಂಗೈ ಅಗಲದ ಒಂದು ಬಾಗಿಲು ಕತ್ತರಿಸಿ. ಒಳಗೆ ಮಡಚಿದ ಪ್ಯಾರಾಶೂಟ್, ಅದರ ಹಿಂದೆ ಅದನ್ನು ಹೊರಗೆ ನೂಕುವ ಬಾಗಿಸಿದ ಪ್ಲಾಸ್ಟಿಕ್ ಪಟ್ಟಿ. ಬಾಗಿಲನ್ನು ಒಂದು ರಬ್ಬರ್ ಬ್ಯಾಂಡ್ ಸುತ್ತಿ ಹಿಡಿಯುತ್ತದೆ, ಆ ಬ್ಯಾಂಡಿನ ತುದಿ ಆಟಿಕೆಯ ಕೀಲಿ ಅಚ್ಚಿಗೆ ಸಿಕ್ಕಿಸಿದ ತಂತಿಯ ಕೊಕ್ಕೆಯಲ್ಲಿ. ಅಚ್ಚು ಬಿಚ್ಚಿಕೊಳ್ಳುತ್ತ ಅರ್ಧ ಸುತ್ತು ತಿರುಗಿದಾಗ ಬ್ಯಾಂಡ್ ಕೊಕ್ಕೆಯಿಂದ ಜಾರುತ್ತದೆ, ಬಾಗಿಲು ತೆರೆಯುತ್ತದೆ. ಆಟಿಕೆ ಓಡದಂತೆ ತಡೆಹಿಡಿಯುವ ಒಂದು ಗುಂಡುಪಿನ್ನನ್ನು ದಾರದಿಂದ ಗೋಪುರಕ್ಕೆ ಕಟ್ಟಿ. ರಾಕೆಟ್ ಏಳುವಾಗ ಪಿನ್ ತಾನೇ ಕಿತ್ತು ಬರುತ್ತದೆ.

ನಿಮ್ಮ ರಾಕೆಟ್ ತುದಿ ಮುಟ್ಟಲು ಸುಮಾರು ಎರಡೂವರೆ ಸೆಕೆಂಡು ಬೇಕು. ಸಮಯವನ್ನು ಅದಕ್ಕೇ ಹೊಂದಿಸಿ, ತಡವಾಗುವುದಕ್ಕಿಂತ ತುಸು ಬೇಗ ತೆರೆದರೆ ವಾಸಿ. ರಾಕೆಟ್ಟನ್ನು ಮೇಜಿನ ಮೇಲೆ ಮಲಗಿಸಿ, ಒಂದು ಮಗುವಿನ ಕೈಯಲ್ಲಿ ಸ್ಟಾಪ್‌ವಾಚ್ ಕೊಟ್ಟು, ಪಿನ್ ಎಳೆದು ನೋಡಿ. ಪ್ರತಿ ಸಲವೂ ಒಂದೇ ಹೊತ್ತಿಗೆ ತೆರೆಯುವವರೆಗೆ ಬಾಟಲಿಗೆ ನೀರು ಹಾಕಬೇಡಿ.